ಹೊಟ್ಟೆ ಸೀಳದ ಧ

ನನ್ನದು ಕರಡು ತಿದ್ದುವ ಕೆಲಸ. ಹೋದ ವರ್ಷ ಒಂದು ದೇವಸ್ಥಾನದ ಸ್ಮರಣ ಸಂಚಿಕೆಯನ್ನು ಮೂರು ಸಲ ಓದಿ, ಎಲ್ಲ ಸರಿಯಾಗಿದೆ ಎಂದು ಕಳಿಸಿದೆ. ಅಚ್ಚಾಗಿ ಬಂದ ಮೇಲೆ ಸಮಿತಿಯ ಹಿರಿಯರೊಬ್ಬರು ಫೋನ್ ಮಾಡಿದರು. "ಸ್ವಾಮಿ, ಎಂಟನೇ ಪುಟ ನೋಡಿ. ಭಕ್ತರ ದನಸಹಾಯದಿಂದ ಗೋಪುರ ಎದ್ದಿತು ಅಂತಿದೆ. ನಾವು ಗೋಶಾಲೆ ಇಟ್ಟಿಲ್ಲವಲ್ಲ!"

ಟೈಪ್ ಮಾಡಿದವರು ಧ ಅಕ್ಷರದ ಹೊಟ್ಟೆ ಸೀಳುವುದನ್ನು ಮರೆತಿದ್ದರು. ನಾನು ಅದನ್ನು ನೋಡಿರಲಿಲ್ಲ. ಕಡತ ತೆರೆದು ಮತ್ತೆ ನೋಡಿದರೆ ಇನ್ನೊಂದು ವಿಷಯ ಗೊತ್ತಾಯಿತು. ಅಚ್ಚಾಗುವ ಗಾತ್ರದಲ್ಲಿ ಇಟ್ಟುಕೊಂಡು ಓದಿದರೆ ನನ್ನ ಮಾನಿಟರಿನಲ್ಲಿ ಸರಿಯಾದ ಧಗಳೂ ದ ಥರವೇ ಕಾಣುತ್ತವೆ. ಷ್ಟ, ಷ್ಠಗಳ ಒತ್ತಂತೂ ಎರಡೂ ಒಂದೇ ಇರುವೆಯ ಹಾಗೆ.

ಆ ಮಾನಿಟರ್ 27 ಇಂಚಿನದು. ದೊಡ್ಡದು ಅಂತಲೇ ಕೊಂಡಿದ್ದೆ. ಅಂಗಡಿಯಲ್ಲಿ 24 ಮತ್ತು 27 ಎರಡರ ಮೇಲೂ 'ಫುಲ್ ಎಚ್‌ಡಿ' ಎಂದು ಬರೆದಿತ್ತು. ಅದೇ ಎಚ್‌ಡಿ, ಮೇಲೆ ಮೂರು ಇಂಚು ಜಾಸ್ತಿ. ಯಾರು ಬಿಡುತ್ತಾರೆ?

ಅಕ್ಕನ ಮಗ ಊಟಕ್ಕೆ ಬಂದವನು ನೋಡಿ ನಕ್ಕ. "ಮಾಮ, ಫುಲ್ ಎಚ್‌ಡಿ ಅಂದ್ರೆ ಅಡ್ಡಕ್ಕೆ 1920, ಉದ್ದಕ್ಕೆ 1080 ಚುಕ್ಕಿ. ಪರದೆ ಎಷ್ಟೇ ದೊಡ್ಡದಾಗಲಿ, ಚುಕ್ಕಿ ಅಷ್ಟೇ. ನೀವು ಹಿಟ್ಟು ಅಷ್ಟೇ ಇಟ್ಟುಕೊಂಡು ದೋಸೆ ಅಗಲ ಮಾಡಿದ್ದೀರಿ." ಲೆಕ್ಕ ಹಾಕಿದೆ. 24 ಇಂಚಿನಲ್ಲಿ ಒಂದು ಇಂಚಿಗೆ ಸುಮಾರು 92 ಚುಕ್ಕಿ. ನನ್ನದರಲ್ಲಿ 82 ಇಲ್ಲ. ದೋಸೆ ತೂತು ಬಿದ್ದ ಜಾಗದಲ್ಲೇ ನನ್ನ ಧ ಕುಳಿತಿತ್ತು.

ಅಂದಹಾಗೆ, ಈ 27 ಇಂಚು ಎನ್ನುವುದು ಅಗಲವೂ ಅಲ್ಲ, ಎತ್ತರವೂ ಅಲ್ಲ. ಮೂಲೆಯಿಂದ ಮೂಲೆಗೆ. ಸೈಟನ್ನು ಹಾಗೆ ಅಳೆದು ಮಾರುವವರನ್ನು ಎಲ್ಲಾದರೂ ನೋಡಿದ್ದೀರಾ? ಮೂವತ್ತು ನಲವತ್ತರ ಸೈಟನ್ನು ಐವತ್ತಡಿ ಸೈಟು ಎಂದ ಹಾಗಾಯಿತು. ಮೊದಲು ನಮ್ಮ ಮನೆಯಲ್ಲಿ ಹತ್ತಿರಹತ್ತಿರ ಚೌಕಾಕಾರದ 19 ಇಂಚಿನದೊಂದು ಇತ್ತು. ಅದರ ಎತ್ತರ 30 ಸೆಂಟಿಮೀಟರ್. ಈಗಿನ ಅಗಲ ಪರದೆಯ 24 ಇಂಚಿನದರ ಎತ್ತರವೂ ಅಷ್ಟೇ. ಐದು ಇಂಚು ಹೆಚ್ಚಿಗೆ ಕೊಂಡರೂ ಪುಟದ ಒಂದು ಸಾಲೂ ಹೆಚ್ಚಿಗೆ ಕಾಣುವುದಿಲ್ಲ.

ಸರಿ, ಸೋದರಳಿಯನನ್ನು ಕರೆದುಕೊಂಡು ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೋದೆ. ಆ ರಸ್ತೆಯಲ್ಲಿ ನಡೆಯುವುದೇ ಒಂದು ಕಸರತ್ತು. ಒಂದು ಕೈಯಲ್ಲಿ ಸಿಪಿಯು ಎತ್ತಿಕೊಂಡವರು, ತಲೆ ಮೇಲೆ ಪ್ರಿಂಟರ್ ಇಟ್ಟುಕೊಂಡವರು, ನಡುವೆ ಸ್ಕೂಟರು. ಅಂಗಡಿ ಹುಡುಗನನ್ನು "ಒಳ್ಳೆಯ ಎಲ್‌ಸಿಡಿ ತೋರಿಸಪ್ಪ" ಎಂದೆ. ನಾನು ಗ್ರಾಮಫೋನ್ ಕೇಳಿದ ಹಾಗೆ ನೋಡಿದ. "ಎಲ್‌ಸಿಡಿ ಎಲ್ಲಾ ಹೋಯ್ತು ಸಾರ್. ಈಗ ಏನಿದ್ರೂ ಎಲ್‌ಇಡಿ."

ಹೋಗಿಲ್ಲ. ಅವನು ತೋರಿಸಿದ್ದೆಲ್ಲ ಎಲ್‌ಸಿಡಿಯೇ. ಮೊದಲು ಪರದೆಯ ಹಿಂದೆ ಸಣ್ಣ ಟ್ಯೂಬ್‌ಲೈಟ್ ಉರಿಯುತ್ತಿತ್ತು, ಈಗ ಎಲ್‌ಇಡಿ ಉರಿಯುತ್ತದೆ. ಮುಂದೆ ನಿಂತು ಬೆಳಕನ್ನು ಬಿಡುವ, ತಡೆಯುವ ಕೆಲಸ ಅದೇ ಹಳೆಯ ದ್ರವ ಹರಳಿನದು, ಎಲ್‌ಸಿಡಿಯ ಹೆಸರಿನಲ್ಲಿರುವ ಲಿಕ್ವಿಡ್ ಕ್ರಿಸ್ಟಲ್ಲಿನದು. ಮನೆಯ ಬಲ್ಬ್ ಬದಲಾಯಿಸಿ ಹೊಸ ಮನೆ ಎಂದರೆ ಹೇಗೆ? ಆದರೆ ಎಸ್.ಪಿ. ರೋಡಿನಲ್ಲಿ ವಾದ ಮಾಡಿದರೆ ರೇಟು ಇಳಿಯುವುದಿಲ್ಲ. ಸುಮ್ನಿದ್ದೆ.

ಡಬ್ಬಿಗಳ ಮೇಲಿನ ಅಂಕಿಗಳನ್ನು ಓದುವುದು ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರ ಮಾತು ಕೇಳಿದ ಹಾಗೆ. ಸುಳ್ಳು ಇರುವುದಿಲ್ಲ. ಒಂದರ ಮೇಲೆ ಕಾಂಟ್ರಾಸ್ಟ್, ಅಂದರೆ ಬಿಳಿ ಕಪ್ಪಿಗಿಂತ ಎಷ್ಟು ಪಟ್ಟು ಬೆಳಗುತ್ತದೆ ಎನ್ನುವುದು, 10 ಕೋಟಿಗೆ 1 ಎಂದಿತ್ತು. ಅದು 'ಡೈನಾಮಿಕ್' ಲೆಕ್ಕ. ದೀಪ ಪೂರ್ತಿ ಉರಿಸಿ ಬಿಳಿಯನ್ನು ಅಳೆಯುವುದು, ಆಮೇಲೆ ದೀಪ ತಗ್ಗಿಸಿ ಕಪ್ಪನ್ನು ಅಳೆಯುವುದು. ಕರೆಂಟ್ ಇದ್ದಾಗಿನ ನಮ್ಮ ಹಾಲ್, ಕರೆಂಟ್ ಹೋದಾಗಿನ ನಮ್ಮ ಹಾಲ್, ಎರಡನ್ನೂ ಹೋಲಿಸಿದ ಹಾಗೆ. ಬಿಳಿ ಕಾಗದದ ಮೇಲಿನ ಕಪ್ಪು ಅಕ್ಷರ ಎರಡೂ ಒಟ್ಟಿಗೇ ಕಾಣಬೇಕಾದವನಿಗೆ ಅದರಿಂದ ಏನು ಪ್ರಯೋಜನ? ಅದರ ಕೆಳಗೆ ಸಣ್ಣ ಅಕ್ಷರದಲ್ಲಿ 1000ಕ್ಕೆ 1 ಎಂದಿತ್ತು. ನಿಜವಾದ ವಯಸ್ಸು ಅದು. ಎಲ್‌ಸಿಡಿಯಲ್ಲೇ ವಿಎ ಎಂಬ ಜಾತಿಯ ಪರದೆಗಳಲ್ಲಿ ಇದು 3000ದ ಆಸುಪಾಸು ಇರುತ್ತದೆ, ಕಪ್ಪು ಚೆನ್ನಾಗಿ ಕಪ್ಪಾಗಿರುತ್ತದೆ. ರಾತ್ರಿ ದೀಪ ಆರಿಸಿ ಸಿನಿಮಾ ನೋಡುವವರು ಅದನ್ನು ನೋಡಬಹುದು.

ರೆಸ್ಪಾನ್ಸ್ ಟೈಮ್ 1 ಮಿಲಿಸೆಕೆಂಡ್ ಅಂತೆ. ಒಂದು ಬೂದು ಬಣ್ಣದಿಂದ ಇನ್ನೊಂದು ಬೂದಿಗೆ ಚುಕ್ಕಿ ಹಾರುವ ವೇಗ. ಗೇಮ್ ಆಡುವ ಹುಡುಗರಿಗೆ ಬೇಕು. ನನ್ನ ಅಕ್ಷರಗಳು ಇಟ್ಟ ಕಡೆ ಇರುತ್ತವೆ. ಬಣ್ಣ 1 ಕೋಟಿ 67 ಲಕ್ಷ. ನನಗೆ ಬೇಕಾದ್ದು ಮೂರು: ಕಪ್ಪು, ಬಿಳಿ, ತಪ್ಪಿಗೆ ಗುರುತು ಹಾಕಲು ಕೆಂಪು.

178 ಡಿಗ್ರಿ ನೋಟದ ಕೋನ ಎನ್ನುವುದು ಮಾತ್ರ ನನ್ನನ್ನು ಸ್ವಲ್ಪ ಹೊತ್ತು ನಿಲ್ಲಿಸಿತು. ಪರದೆಯ ಪಕ್ಕಕ್ಕೆ ಕೆನ್ನೆ ಆನಿಸಿ ನೋಡಿದ ಹಾಗೆ ಅದು. ಅಷ್ಟು ಓರೆಯಿಂದ ಕಾಂಟ್ರಾಸ್ಟ್ 10ಕ್ಕೆ 1 ಉಳಿದರೂ ಸಾಕು, ಪಾಸು. 178 ಎಂದರೆ ನನಗೆ ನೆನಪಾಗುವುದು ದ್ರವ ಹರಳು ಮೊದಲು ಕಣ್ಣಿಗೆ ಬಿದ್ದ ಕಥೆ. 1888ರಲ್ಲಿ ಪ್ರಾಗ್‌ನಲ್ಲಿದ್ದ ರೈನಿಟ್ಜರ್ ಎಂಬ ಸಸ್ಯವಿಜ್ಞಾನಿ ಕ್ಯಾರೆಟ್ಟಿನ ಕೊಲೆಸ್ಟರಾಲ್ ಬೆನ್ನು ಹತ್ತಿದ್ದ. ಅವನ ಕೈಯಲ್ಲಿದ್ದ ಪುಡಿ 145.5 ಡಿಗ್ರಿ ಶಾಖಕ್ಕೆ ಕರಗಿತು, ಆದರೆ ಗಂಜಿಯ ಹಾಗೆ ಮಬ್ಬಾಗಿತ್ತು. ತಿಳಿಯಾದದ್ದು 178.5 ಡಿಗ್ರಿಗೆ. ಈ ನಡುವಿನ ಗಂಜಿಯೇ ದ್ರವ ಹರಳು. ಆ 178ಕ್ಕೂ ಡಬ್ಬಿಯ ಮೇಲಿನ 178ಕ್ಕೂ ಸಂಬಂಧ ಏನೂ ಇಲ್ಲ. ನನಗೆ ಹಾಗೆ ಹೊಂದಿಸಿಕೊಳ್ಳುವ ಚಟ.

ಆದರೆ ನೋಟದ ಕೋನಕ್ಕೂ ನಮ್ಮ ಬೆಂಗಳೂರಿಗೂ ನಿಜವಾಗಿಯೇ ಸಂಬಂಧ ಇದೆ. ಮೇಖ್ರಿ ಸರ್ಕಲ್ ಹತ್ತಿರದ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್ ಎಂಬವರಿದ್ದರು. ರಾಮನ್ ಅವರ ಸೋದರಳಿಯ. ನೊಬೆಲ್ ಪಡೆದ ಚಂದ್ರಶೇಖರ್ ಅಲ್ಲ, ಅವರು ಇನ್ನೊಬ್ಬರು. ಅಲ್ಲಿಯವರೆಗೆ ದ್ರವ ಹರಳಿನ ಅಣು ಎಂದರೆ ಊದಿನಕಡ್ಡಿಯ ಹಾಗೆ ಉದ್ದವಾಗಿರುತ್ತದೆ ಎಂದು ತಿಳಿದಿದ್ದರು. 1977ರಲ್ಲಿ ಇವರೂ ಜೊತೆಗಾರರೂ ಇಡ್ಲಿಯ ಹಾಗೆ ಚಪ್ಪಟೆಯಾದ ಅಣುಗಳು ಒಂದರ ಮೇಲೊಂದು ಪೇರಿಕೊಂಡು ದ್ರವ ಹರಳಾಗುವುದನ್ನು ತೋರಿಸಿದರು. ಟಿಎನ್ ಎಂಬ ಹಳೆಯ ಜಾತಿಯ ಎಲ್‌ಸಿಡಿ ಪರದೆಗಳನ್ನು ನೆನಪಿಸಿಕೊಳ್ಳಿ. ಸ್ವಲ್ಪ ಕೆಳಗಿನಿಂದ ನೋಡಿದರೆ ಮುಖಗಳೆಲ್ಲ ಫೋಟೋದ ನೆಗೆಟಿವ್ ಆಗುತ್ತಿದ್ದವಲ್ಲ? ಆ ಕಾಟ ಕಡಿಮೆ ಮಾಡಲು ಪರದೆಗೆ ಅಂಟಿಸುವ ತೆಳು ಹಾಳೆಯಲ್ಲಿ ಮುಂದೆ ಬಳಕೆಯಾದದ್ದು ಇಂಥ ಚಪ್ಪಟೆ ಅಣುಗಳೇ. ಇದನ್ನು ಅಂಗಡಿ ಹುಡುಗನಿಗೆ ಹೇಳಿದೆ. "ಹೌದಾ ಸಾರ್? ಬಿಲ್ ಜಿಎಸ್‌ಟಿ ಜೊತೆ ಬೇಕಾ?" ಎಂದ.

ಕೊನೆಗೆ ನನ್ನ ಪರೀಕ್ಷೆ ನಾನೇ ಮಾಡಿದೆ. ಪೆನ್‌ಡ್ರೈವಿನಲ್ಲಿ ಆ ದನಸಹಾಯದ ಪುಟವನ್ನೇ ಒಯ್ದಿದ್ದೆ. ಐಪಿಎಸ್ ಎಂಬ ಇನ್ನೊಂದು ಜಾತಿಯ ಎರಡು ಪರದೆ, ಎರಡೂ 27 ಇಂಚು. ಒಂದು ಫುಲ್ ಎಚ್‌ಡಿ, ಇನ್ನೊಂದು 2560ಕ್ಕೆ 1440. ಎರಡನೆಯದರಲ್ಲಿ ಇಂಚಿಗೆ ಸುಮಾರು 109 ಚುಕ್ಕಿ. ಅಕ್ಷರದ ಗಾತ್ರ ಎರಡರಲ್ಲೂ ಒಂದೇ ಇರುವಂತೆ ಸೋದರಳಿಯ ಹೊಂದಿಸಿಕೊಟ್ಟ. ನಾನು ಕನ್ನಡಕ ಒರೆಸಿಕೊಂಡು ಬಗ್ಗಿದೆ. ಮೊದಲನೆಯದರಲ್ಲಿ ಧ ಕೆಳಗೆ ಏನೋ ಮಸಿ ಅಂಟಿದ ಹಾಗಿತ್ತು. ಎರಡನೆಯದರಲ್ಲಿ ಗೀಟು ಎದ್ದು ನಿಂತಿತ್ತು, ಸೂಜಿಯಿಂದ ಗೀರಿದ ಹಾಗೆ. ಷ್ಠದ ಹೊಟ್ಟೆಯೊಳಗೆ ಒಂದು ಚುಕ್ಕಿ ಬಿಳಿ ಕಂಡಿತು. ಅದನ್ನು ನೋಡಿ ಎಷ್ಟೋ ವರ್ಷವಾಗಿತ್ತು.

"ಇದೇ ಕೊಡಪ್ಪ."

ಮನೆಗೆ ತಂದ ಮೇಲೆ ಗೊತ್ತಾಯಿತು, ಸ್ಟ್ಯಾಂಡ್ ಹಿಂದೆ ಮುಂದೆ ವಾಲುತ್ತದೆ, ಮೇಲೆ ಏರುವುದಿಲ್ಲ. ಆ ಅಂಕಿಯನ್ನು ನಾನು ಓದಿಯೇ ಇರಲಿಲ್ಲ. ಕತ್ತು ನೋಯತೊಡಗಿ, ಕೈಗೆ ಸಿಕ್ಕ ನಿಘಂಟಿನ ದಪ್ಪ ಸಂಪುಟವೊಂದನ್ನು ಅಡಿಗೆ ಇಟ್ಟೆ. ಧ ಇರುವ ಸಂಪುಟ ಅದೇ ಆಗಬೇಕೇ! ಈಗ ಅನುಮಾನ ಬಂದಾಗಲೆಲ್ಲ ಮಾನಿಟರನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಹೆಂಡತಿಯನ್ನು ಕೂಗುತ್ತೇನೆ. ಅವಳು ಒಲೆ ಸಣ್ಣ ಮಾಡಿ ಬಂದು, ಸಂಪುಟ ಎಳೆದು, ಪದ ಹುಡುಕಿ ಗಟ್ಟಿಯಾಗಿ ಓದುತ್ತಾಳೆ. ಅವಳ ಬಾಯಲ್ಲಿ ಧ ಕೇಳಿಸುವುದು ದ ಥರವೇ.