ಬೀಗರೂಟದಲ್ಲಿ ಬಡಿಸಿದ ಬುದ್ಧಿವಾದ

ನಿನ್ನೆ ಮದ್ದೂರು ಹತ್ರ ಒಂದು ಬೀಗರೂಟ. ಮುದ್ದೆ, ಬೋಟಿ ಗೊಜ್ಜು ಎಲ್ಲಾ ಸೂಪರ್, ಅದ್ರಲ್ಲಿ ತಕರಾರಿಲ್ಲ. ತಕರಾರು ನಮ್ಮಕ್ಕನ ಮಗನ ಎಲೆಗೆ ಬಡಿಸಿದ ಬುದ್ಧಿವಾದದ್ದು. ಹುಡ್ಗ ಈಗಷ್ಟೇ ಡಿಪ್ಲೊಮಾ ಮುಗ್ಸಿದಾನೆ. ಎಡಗಡೆಯೋರು ಪಿಎಸ್‌ಐ ಬರಿಯಲಾ ಅಂದ್ರು (ಅದಕ್ಕೆ ಡಿಗ್ರಿ ಬೇಕು ಸ್ವಾಮಿ), ಬಲಗಡೆಯೋರು ಲ್ಯಾಟರಲ್ ಎಂಟ್ರೀಲಿ ಇಂಜಿನಿಯರಿಂಗ್ ಸೇರ್ಕೊ ಅಂದ್ರು, ಸಾರು ಬಡಿಸೋನೂ ಬಕೆಟ್ ಕೆಳಗಿಟ್ಟು ದುಬೈ ಅಂದ. ನಿಂಗೇನ್ ಅನ್ಸುತ್ತೆ ಮಗಾ ಅಂತ ಒಬ್ರೂ ಕೇಳ್ಲಿಲ್ಲ.

ಫ್ಯಾಕ್ಟರಿ ಬಿಟ್ಟು ನಾನು ಕೋಚಿಂಗ್ ಹಿಡಿದಾಗಿಂದ ಎಲ್ರದ್ದೂ ಒಂದೇ ಪ್ರಶ್ನೆ, ಯಾವ್ ಸಬ್ಜೆಕ್ಟು, ನೀಟಾ ಸಿಇಟಿನಾ? ನಂದು ಪಾಠ ಹೇಳೋ ಕೋಚಿಂಗ್ ಅಲ್ಲ, ಪ್ರಶ್ನೆ ಕೇಳಿ ಕೇಳಿ ಅವ್ರ ದಾರಿ ಅವ್ರೇ ಕಂಡ್ಕೊಳೋ ಹಂಗೆ ಮಾಡೋದು. ಅವ್ರದ್ದೂ ತಪ್ಪಲ್ಲ ಬಿಡಿ. ಹಂಗೇರಿಯ ಕೋಚ್ ಅನ್ನೋ ಊರಿನ ಕುದುರೆ ಗಾಡಿಯಿಂದ ಬಂದ ಪದ ಅದು, 1830ರ ಸುಮಾರಿಗೆ ಆಕ್ಸ್‌ಫರ್ಡ್ ಹುಡುಗ್ರು ಪರೀಕ್ಷೆ ದಾಟಿಸೋ ಮೇಷ್ಟ್ರಿಗೆ ಆ ಹೆಸರಿಟ್ರು. ಆದ್ರೆ ನಮ್ಮ ಮೈಸೂರಿನ ಟಾಂಗಾದವ್ರೂ ಹತ್ತಿಸ್ಕೊಳೋಕ್ ಮುಂಚೆ ಎಲ್ಲಿಗೆ ಅಂತ ಕೇಳ್ತಾರಪ್ಪಾ! ಬುದ್ಧಿವಾದ ಹೇಳೋವಾಗ ನಾವು ಕೇಳಲ್ಲ, ಎತ್ತಾಕ್ಕೊಂಡು ಹೊರಟೇಬಿಡ್ತೀವಿ.

1970ರ ದಶಕದಲ್ಲಿ ಟಿಮೋತಿ ಗಾಲ್ವೇ ಅಂತ ಅಮೆರಿಕದ ಟೆನಿಸ್ ಕೋಚ್ ಒಬ್ಬ ಇದನ್ನೇ ಕಂಡ್ಕೊಂಡಿದ್ದು. ಮೊಣಕೈ ಹಿಂಗಿಡು ಕಾಲು ಹಂಗಿಡು ಅಂತ ಹೇಳ್ದಷ್ಟೂ ಆಡೋರು ಸೆಟೆದುಕೊಳ್ತಿದ್ರು. ಚೆಂಡು ನೆಲಕ್ಕೆ ಬಿದ್ದಾಗ 'ಬೌನ್ಸ್', ರ‍್ಯಾಕೆಟ್ಟಿಗೆ ತಾಗಿದಾಗ 'ಹಿಟ್' ಅಂತ ಹೇಳ್ಕೊತಾ ಇರು ಸಾಕು ಅಂದ್ರೆ ಆಟ ತಾನಾಗೇ ಸರಿಹೋಗ್ತಿತ್ತು.

ನಮ್ ಭಾವ ಕೇಳ್ತಾರೆ, ಅವನಿಗೇ ಉತ್ರ ಗೊತ್ತಿದ್ರೆ ನಿನ್ನತ್ರ ಯಾಕ್ಲಾ ಬರ್ತಾನೆ, ದುಡ್ಡಿಸ್ಕೊಂಡು ಪ್ರಶ್ನೆ ಕೇಳೋದೂ ಒಂದ್ ಕೆಲ್ಸವಾ ಅಂತ. ಒಪ್ದೆ ಭಾವ, ಪಂಪ್‌ಸೆಟ್ ಸುಟ್ಟೋದ್ರೆ ವೈಂಡಿಂಗ್ ಮಾಡೋನತ್ರಾನೇ ಹೋಗಿ, ನಿಂಗೇನ್ ಅನ್ಸುತ್ತೆ ಅಂತ ಮೋಟ್ರನ್ನ ಕೇಳ್ಬೇಡಿ. ಹುಡ್ಗ ಮೋಟ್ರಲ್ವಲ್ಲಾ.

ಈಗ ನಿಜ ಹೇಳ್ಬಿಡ್ತೀನಿ. ಇಷ್ಟೆಲ್ಲಾ ಉರ್ಕೊಂಡು ಕೂತಿದ್ದ ನಾನೇ ಕೈ ತೊಳೆಯೋ ಹೊತ್ತಿಗೆ ತಡೀಲಾರ್ದೆ, ಮೈಸೂರಿಗೆ ಬಂದ್ಬಿಡೋ, ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಎಲ್ಲಾದ್ರೂ ಸೇರಿಸ್ತೀನಿ ಅಂದ್ಬಿಟ್ಟೆ. ಅವನು ಮುಖ ನೋಡಿ "ಮಾವ, ನಿಮ್ದು ಕೇಳೋ ಕೆಲ್ಸ ಅಲ್ವಾ?" ಅಂದ. ಸರ್ಟಿಫಿಕೇಟಿಗೆ ಫ್ರೇಮ್ ಹಾಕ್ಸಿ ಹಾಲಲ್ಲಿ ನೇತಾಕಿರೋ ನಂಗೆ ಹೆಂಗಾಗಿರ್ಬೇಡ.

ಸಂಜೆ ಮದ್ದೂರು ಸ್ಟೇಷನ್ನಿಗೆ ಬೈಕಲ್ಲಿ ಬಿಡಕ್ಕೆ ಬಂದ. ರೈಲು ಲೇಟು. ಈ ಸಲ ಕೇಳ್ದೆ, ತೀರ್ಮಾನ ಮಾಡಕ್ಕೆ ನಿಂಗೆ ಮೊದ್ಲು ಏನ್ ಗೊತ್ತಾಗ್ಬೇಕು ಅಂತ. ಕೇಳಿ ಬಾಯ್ ಮುಚ್ಕೊಂಡೆ, ಪ್ರಶ್ನೆ ಸುಲಭ, ಈ ಬಾಯ್ ಮುಚ್ಕೊಳೋದೇ ಪ್ರಾಣಕ್ಕೆ ಬರೋದು. ಒಂದು ಗೂಡ್ಸ್ ಗಾಡಿ ಪೂರ್ತಿ ಹೋಗೋವರ್ಗೂ ಹುಡ್ಗ ಹಳಿ ನೋಡ್ತಾ ನಿಂತಿದ್ದ.

"ಅಪ್ಪನ ಸಾಲ ಎಷ್ಟೈತೆ ಅಂತ ಗೊತ್ತಾಗ್ಬೇಕು ಮಾವ. ಯಾರೂ ನಂಗೆ ಹೇಳಿಲ್ಲ. ರಾತ್ರಿ ಕೇಳ್ತೀನಿ" ಅಂದ.