ಕೊನೆಯ ಕಂತೆಂದರೆ ಮುಕ್ತಾಯವೇ?

ನಿನ್ನೆ ಮತ್ತೊಬ್ಬರು ಅಮೆರಿಕದ ಅಂತರಿಕ್ಷಯಾನದ ಟಿವಿ ಕಥೆ ‘ಸ್ಟಾರ್ ಟ್ರೆಕ್’ನ ಮೂಲ ಧಾರಾವಾಹಿಯ ಕೊನೆಯ ಕಂತನ್ನಷ್ಟೇ ನೋಡಿ, ಇಡೀ ಸರಣಿಯೇ ನೆಲಕಚ್ಚಿತೆಂದು ತೀರ್ಪು ಕೊಟ್ಟಾಗ ನನ್ನ ತಾಳ್ಮೆಯ ಕಟ್ಟೆಯೊಡೆಯಿತು. 1969ರ ಜೂನ್ 3ರಂದು ಪ್ರಸಾರವಾದ ‘ಟರ್ನ್‌ಅಬೌಟ್ ಇಂಟ್ರೂಡರ್’ ಎಂಬ ಆ ಕೊನೆಯ ಕಂತನ್ನು ಮುಕ್ತಾಯವೆಂದು ಯಾರಾದರೂ ಬರೆದಿದ್ದರೇ? ಅದು ಮೂರನೆಯ ಸೀಸನ್ನಿನ ಮತ್ತೊಂದು ಕಂತು, ಅಷ್ಟೆ. ಖರ್ಚಿಗೆ ಕತ್ತರಿ ಬಿದ್ದು, ಶುಕ್ರವಾರ ರಾತ್ರಿ ಹತ್ತು ಗಂಟೆಯ ಹಾಳು ಹೊತ್ತಿಗೆ ದೂಡಿಸಿಕೊಂಡು, ಕಡೆಗೆ ವಾಹಿನಿಯೇ ನಿಲ್ಲಿಸಿಬಿಟ್ಟ ಧಾರಾವಾಹಿಗೆ ವಿದಾಯ ಹೇಳುವ ಅವಕಾಶವಾದರೂ ಎಲ್ಲಿತ್ತು? ಹೆಣ್ಣಿಗೆ ಅಂತರಿಕ್ಷ ನೌಕೆಯ ನಾಯಕತ್ವವಿಲ್ಲವೆಂಬ ಆ ಕೊನೆಯ ಕಂತಿನ ಧೋರಣೆ ನನಗೂ ಅಸಹ್ಯವೇ. ಆ ಕಂತನ್ನು ಸಾವಿರ ಸಲ ಬೈಯಲಿ. ಆದರೆ ಉಳಿದ 78 ಕಂತುಗಳು ಮಾಡಿದ ಪಾಪವೇನು? ಅವುಗಳಲ್ಲೊಂದರಲ್ಲಿ ನೌಕೆಯ ನಾಯಕ ಕರ್ಕ್ ತಾನು ಪ್ರೀತಿಸಿದವಳ ಸಾವನ್ನು ತಡೆಯದೆ ನಿಂತ ಆ ಗಳಿಗೆಯನ್ನು ಒಮ್ಮೆಯೂ ನೋಡದವರು ಯಾವ ಬಾಯಿಂದ ತೀರ್ಪು ಕೊಡುತ್ತಾರೆ?