27ಕ್ಕೂ 28ಕ್ಕೂ ವ್ಯತ್ಯಾಸ ಇಲ್ವಾ?

ಆಯಿಲ್ ಪ್ರೆಶರ್ ಗೇಜ್ ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: "ಎಲ್ಲ ಕಾರುಗಳಿಗೂ ಹೊಂದುತ್ತದೆ". ಅದು ಹಸಿ ಸುಳ್ಳು. ಆ ಸುಳ್ಳಿನಿಂದ ನನ್ನ ಇಂಜಿನ್ ಬ್ಲಾಕಿನ ಥ್ರೆಡ್ (ತಿರುಪಿನ ಗೆರೆ) ಹಾಳಾಗಿದೆ. ಮೂರು ವಾರದಿಂದ ಕಾರು ನಿಂತಲ್ಲೇ ನಿಂತಿದೆ.

ಗೇಜ್ ಹಾಕಿಸಿದ್ದು ಶೋಕಿಗಲ್ಲ. ಆಯಿಲ್ ಒತ್ತಡಕ್ಕೆ ಕಂಪನಿಯವರು ಕೊಡುವ ಕೆಂಪು ದೀಪದ ಹಿಂದೆ ಇರುವುದು ಬರೀ ಒಂದು ಸ್ವಿಚ್ ಅಷ್ಟೇ. ಎಷ್ಟೋ ಕಾರುಗಳಲ್ಲಿ ಒತ್ತಡ 5 ಪಿಎಸ್‌ಐ ಆಸುಪಾಸಿಗೆ ಇಳಿದ ಮೇಲೆಯೇ ಅದು ಹತ್ತುತ್ತದೆ. ಓಡುವ ಇಂಜಿನ್‌ಗೆ ಅಷ್ಟು ಹೊತ್ತಿಗೆ ಬೇರಿಂಗ್ ಸವೆದು ಹೋಗಿರಬಹುದು. ನನ್ನದು ಹಳೇ ಇಂಜಿನ್. ಒತ್ತಡ ಎಷ್ಟಿದೆ ಅಂತ ಮೊದಲೇ ಗೊತ್ತಾಗಲಿ ಅನ್ನೋದು ಆಸೆ.

ಹಳೇ ಸ್ವಿಚ್ ಬಿಚ್ಚಿ ಹೊಸ ಸೆಂಡರ್ (ಒತ್ತಡ ಅಳೆದು ಗೇಜಿಗೆ ತಿಳಿಸುವ ಭಾಗ) ತಿರುಗಿಸಿದೆ. ಎರಡು ಸುತ್ತು ಸಲೀಸಾಗಿ ಹೋಯಿತು, ಆಮೇಲೆ ಬಿಗಿಯಾಯಿತು. ಇದು ಟೇಪರ್ ಥ್ರೆಡ್, ಅಂದರೆ ತುದಿ ಸಣ್ಣ, ಬುಡ ದಪ್ಪ, ಹೋಗ್ತಾ ಹೋಗ್ತಾ ಬಿಗಿಯಾಗಲೇಬೇಕು ಅಲ್ವಾ? ಹಾಗಾಗಿ ಅನುಮಾನ ಬರಲಿಲ್ಲ. ಇಂಜಿನ್ ಚಾಲೂ ಮಾಡಿದರೆ ಬುಡದಿಂದ ಆಯಿಲ್ ತೊಟ್ಟಿಕ್ಕತೊಡಗಿತು.

ಮಾರಿದವನಿಗೆ ಫೋನ್ ಮಾಡಿದೆ. "ಟೆಫ್ಲಾನ್ ಟೇಪ್ ಜಾಸ್ತಿ ಸುತ್ತಿ, ಇನ್ನೊಂದು ಸುತ್ತು ಬಿಗಿ ಮಾಡಿ ಸಾರ್" ಅಂದ. ಮಾಡಿದೆ. ಸೋರುವುದು ನಿಲ್ಲಲಿಲ್ಲ, ಜೊತೆಗೆ ಗೇಜಿನ ಮುಳ್ಳೂ ಸೊನ್ನೆಯಿಂದ ಏಳಲಿಲ್ಲ. ಎದೆ ಧಸಕ್ಕೆಂದಿತು, ತಕ್ಷಣ ಇಂಜಿನ್ ಆರಿಸಿದೆ. ಒಂದೇ ವೈರಿನ ಸೆಂಡರ್‌ಗೆ ಅರ್ಥ್ ಸಿಗುವುದು ಅದರ ಮೈಯಿಂದ, ಅಂದರೆ ಆ ಥ್ರೆಡ್ಡಿನಿಂದಲೇ. ಅಲ್ಲಿ ಟೇಪ್ ಸುತ್ತಿದರೆ ಅರ್ಥ್ ತಪ್ಪಿಹೋಗಬಹುದು. ದಿನಾ ಇದನ್ನೇ ಮಾರುವವನಿಗೆ ಇಷ್ಟೂ ಗೊತ್ತಿರಬೇಡವೇ?

ಬಿಚ್ಚಿ ನೋಡಿದರೆ ಅಲ್ಯುಮಿನಿಯಂ ಬ್ಲಾಕಿನ ಒಳಗಿನ ಥ್ರೆಡ್ ಕಿತ್ತು ಬಂದಿತ್ತು. ಥ್ರೆಡ್ ಅಳೆಯುವ ಪಟ್ಟಿ ಹಿಡಿದು ನೋಡಿದಾಗ ವಿಷಯ ತಿಳಿಯಿತು. ನನ್ನ ಬ್ಲಾಕ್ 1/8 ಬಿಎಸ್‌ಪಿಟಿ (ಬ್ರಿಟಿಷ್ ಪದ್ಧತಿ), ಇಂಚಿಗೆ 28 ಥ್ರೆಡ್. ಸೆಂಡರ್ 1/8 ಎನ್‌ಪಿಟಿ (ಅಮೆರಿಕನ್ ಪದ್ಧತಿ), ಇಂಚಿಗೆ 27. ಥ್ರೆಡ್ಡಿನ ಕೋನವೂ ಬೇರೆ, ಒಂದರದ್ದು 55 ಡಿಗ್ರಿ, ಇನ್ನೊಂದರದ್ದು 60. ಎರಡಕ್ಕೂ 1/8 ಅಂತಲೇ ಹೆಸರು, ಅಳೆದರೆ ಎರಡೂ ಸುಮಾರು 10 ಮಿಲಿಮೀಟರ್. ಇನ್ನೂ ಕೆಲವು ಇಂಜಿನ್‌ಗಳಲ್ಲಿ ಎಂ10 ಥ್ರೆಡ್ ಇರುತ್ತದೆ, ನೋಡಲು ಅದೂ ಹಾಗೇ. ಕಣ್ಣಳತೆಯಲ್ಲಿ ಯಾರಿಗೂ ಗೊತ್ತಾಗುವ ವಿಷಯವಲ್ಲ ಇದು. ಹಾಗಿರುವಾಗ ಡಬ್ಬಿಯ ಮೇಲೆ ಒಂದು ಸಾಲು ಬರೆಯೋಕೆ ಏನು ಕಷ್ಟ? ಅಡಾಪ್ಟರ್ ಬೇಕಾಗಬಹುದು ಅಂತ ಹೇಳೋಕೆ ಏನು ಧಾಡಿ?

ಮುಗಿಯಲಿಲ್ಲ. ಬಿಎಸ್‌ಪಿಟಿ ಥ್ರೆಡ್ಡಿನ ಬೇರೆ ಸೆಂಡರ್ ತಂದೆ. ಈ ಸಲ ಕೂರಿಸುವ ಮೊದಲೇ ಅದರ ಮೈಗೆ ಅರ್ಥ್ ವೈರ್ ಕಚ್ಚಿಸಿ ಕೀ ತಿರುಗಿಸಿದೆ. ಇಂಜಿನ್ ಆಫ್, ಸೆಂಡರ್ ನನ್ನ ಕೈಯಲ್ಲಿ, ಮುಳ್ಳು ಮಾತ್ರ ತುದಿ ಮುಟ್ಟಿ ನಿಂತಿದೆ! ನನ್ನ ಗೇಜ್ 240ರಿಂದ 33 ಓಮ್‌ನದು (ಓಮ್ ಅಂದರೆ ವಿದ್ಯುತ್ತಿಗೆ ಇರುವ ತಡೆಯ ಅಳತೆ), ಒತ್ತಡ ಏರಿದಂತೆ ಓಮ್ ಇಳಿಯಬೇಕು. ಈ ಸೆಂಡರ್ 10ರಿಂದ 180ರದು, ಪೂರ್ತಿ ಉಲ್ಟಾ. ನೋಡದೆ ಹಾಕಿದ್ದರೆ ಒತ್ತಡ ಬಿದ್ದಾಗೆಲ್ಲ ಮುಳ್ಳು ಮೇಲೇರುತ್ತಿತ್ತು. ಇಂಜಿನ್ ಸಾಯುತ್ತಿದ್ದರೂ ಎಲ್ಲ ಚೆನ್ನಾಗಿದೆ ಅಂತ ತೋರಿಸುತ್ತಿತ್ತು. ಓಮ್ ಎಷ್ಟು ಅಂತ ಇದರ ಡಬ್ಬಿಯ ಮೇಲೂ ಇರಲಿಲ್ಲ, ಮಲ್ಟಿಮೀಟರ್ ಹಿಡಿದು ನಾನೇ ಕಂಡುಕೊಂಡೆ.

ಮೊದಲ ಡಬ್ಬಿಯಲ್ಲಿದ್ದ ಚೀಟಿಯ ಚಿತ್ರ ನೋಡಿದರಂತೂ ಮೈ ಉರಿಯುತ್ತದೆ. ಬ್ಲಾಕಿಗೆ ಒಂದು ಟಿ (ಮೂರು ಬಾಯಿಯ ಜೋಡಣೆ), ಅದಕ್ಕೆ ಹಳೇ ಸ್ವಿಚ್ಚೂ ಈ ಭಾರದ ಸೆಂಡರೂ ಒಟ್ಟಿಗೆ ನೇತಾಡುತ್ತಿವೆ. ಇಂಜಿನ್ ಅದುರುವಾಗ ಆ ಸಣ್ಣ ಕುತ್ತಿಗೆ ಎಷ್ಟು ದಿನ ತಡೆದೀತು? ಮುರಿದರೆ ಆಯಿಲ್ ಪೂರ್ತಿ ರಸ್ತೆ ಪಾಲು. ಸೆಂಡರನ್ನು ಬ್ರಾಕೆಟ್ಟಿಗೆ ಕಟ್ಟಿ, ಹೋಸಿನಲ್ಲಿ ಆಯಿಲ್ ಕೊಟ್ಟು, ಮೈಯಿಂದ ಬೇರೆ ಅರ್ಥ್ ವೈರ್ ಎಳೆಯಬೇಕು. ಅದರ ಬಗ್ಗೆ ಚೀಟಿಯಲ್ಲಿ ಒಂದಕ್ಷರ ಇಲ್ಲ.

ಈಗ ಆ ತೂತಿಗೆ ಮತ್ತೆ ಟ್ಯಾಪ್ (ಥ್ರೆಡ್ ಕೊರೆಯುವ ಉಪಕರಣ) ಹಾಕಬೇಕು. ಕೊರೆಯುವಾಗ ಒಂದು ಚೂರು ಪುಡಿ ಒಳಗೆ ಬಿದ್ದರೂ ಅದು ಆಯಿಲ್ ಜೊತೆ ಸೀದಾ ಬೇರಿಂಗಿಗೆ ಹೋಗುತ್ತದೆ. ಟ್ಯಾಪಿಗೆ ಗ್ರೀಸ್ ಬಳಿದು ಪುಡಿ ಹಿಡಿಯಬಹುದು ಅಂತಾರೆ. ನನಗೆ ಧೈರ್ಯ ಬರುತ್ತಿಲ್ಲ. ಬಟ್ಟೆ ತುರುಕಿ ತೂತು ಮುಚ್ಚಿಟ್ಟಿದ್ದೇನೆ. ಮಾರಿದವನು ಈಗ ಫೋನನ್ನೂ ಎತ್ತುತ್ತಿಲ್ಲ.